ಜಿಯೋಲೈಟ್ ಬೆರೆಸಿದ ಕಾರ್ಬನ್ ಪೇಸ್ಟ್ ಎಲೆಕ್ಟ್ರೋಡ್: ಬೋರ್‌ವೆಲ್ ನೀರಿನ ಸೀಸ ಅಳೆಯುವವರಿಗೆ ಟಿಪ್ಪಣಿ

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 (2012) ಸೀಸಕ್ಕೆ ಹಾಕಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ 10 ಮೈಕ್ರೋಗ್ರಾಂ. ಬರೀ ಗ್ರಾಫೈಟ್ ಎಲೆಕ್ಟ್ರೋಡಿಗೆ ಇಷ್ಟು ಕಡಿಮೆ ಸೀಸ ಸುಲಭಕ್ಕೆ ದಕ್ಕದು. ಸೀಸವನ್ನು ಮೊದಲು ಮೇಲ್ಮೈಗೆ ಎಳೆದು ಕೂಡಿಟ್ಟುಕೊಳ್ಳಬೇಕು. ಅಯಾನುಗಳನ್ನು ಹಿಡಿದಿಡುವ ಸಣ್ಣ ರಂಧ್ರಗಳ ಖನಿಜವಾದ ಜಿಯೋಲೈಟ್ ಬೇಕಾಗುವುದು ಅದಕ್ಕೇ.

ಇಲ್ಲಿನ ಮಣ್ಣನ್ನೇ ಬಳಸಬಾರದೇ ಎಂದು ಮೈಸೂರು, ಮಂಡ್ಯದ ವಿದ್ಯಾರ್ಥಿಗಳು ಕೇಳುವುದು ಸಹಜ. ಕೆಂಪು ಮಣ್ಣಿನ ಜೇಡಿಯಲ್ಲಿ ಹೆಚ್ಚಿನ ಪಾಲು ಕಯೋಲಿನೈಟ್. 100 ಗ್ರಾಂಗೆ ಅದರ ಅಯಾನು ವಿನಿಮಯ ಸಾಮರ್ಥ್ಯ (ತನ್ನಲ್ಲಿರುವ ಅಯಾನು ಬಿಟ್ಟು ನೀರಿನ ಅಯಾನನ್ನು ಹಿಡಿಯುವ ಶಕ್ತಿ) 3ರಿಂದ 15 ಮಿಲಿಈಕ್ವಿವಲೆಂಟ್ ಅಷ್ಟೇ. ಕ್ಲಿನಾಪ್ಟಿಲೊಲೈಟ್ ಎಂಬ ಜಿಯೋಲೈಟಿನದು 100ರಿಂದ 200. ಸಿಲಿಕಾನ್ ಪಾಲು ಹೆಚ್ಚಿರುವುದರಿಂದ ಅದು ಆಮ್ಲವನ್ನೂ ತಾಳುತ್ತದೆ. ಜಿಯೋಲೈಟ್ 4ಎ ಅಗ್ಗವಾದರೂ ಆಮ್ಲದಲ್ಲಿ ಅದರ ಚೌಕಟ್ಟು ಕರಗುತ್ತದೆ, ಈ ಕೆಲಸಕ್ಕೆ ಬೇಡ.

ಕೊಂಡು ತಂದ ಪುಡಿಯನ್ನು 75 ಮೈಕ್ರಾನ್ ಜರಡಿಯಲ್ಲಿ ಸೋಸಿ. 10 ಗ್ರಾಂ ಪುಡಿಯನ್ನು 100 ಮಿ.ಲೀ. 1 ಮೋಲಾರ್ ಉಪ್ಪಿನ ದ್ರಾವಣದಲ್ಲಿ 24 ಗಂಟೆ ಕಲಕಿ, ದ್ರಾವಣ ಬದಲಿಸಿ ಇನ್ನೊಮ್ಮೆ ಹಾಗೆಯೇ ಮಾಡಿ. ತೊಳೆದ ನೀರಿಗೆ ಬೆಳ್ಳಿ ನೈಟ್ರೇಟ್ ಹನಿಸಿದಾಗ ಬಿಳಿ ಮಬ್ಬು ಬಾರದವರೆಗೂ ತೊಳೆಯಬೇಕು. ಉಳಿದ ಕ್ಲೋರೈಡ್ ಮುಂದೆ ಶಿಖರವನ್ನು (ಅಳತೆಯ ರೇಖೆಯಲ್ಲಿ ಸೀಸದಿಂದ ಏಳುವ ಕರೆಂಟಿನ ಏರನ್ನು) ಕದಲಿಸುತ್ತದೆ. 105 ಡಿಗ್ರಿಯಲ್ಲಿ ಒಣಗಿಸಿ.

ಪೇಸ್ಟಿಗೆ ಗ್ರಾಫೈಟ್ 0.65 ಗ್ರಾಂ, ಜಿಯೋಲೈಟ್ 0.10 ಗ್ರಾಂ, ಪ್ಯಾರಾಫಿನ್ ಎಣ್ಣೆ 0.25 ಗ್ರಾಂ. ಅಗೇಟ್ ಒರಳಿನಲ್ಲಿ ಅರ್ಧ ಗಂಟೆ ಅರೆದರೆ ಗಟ್ಟಿ ಕಾಡಿಗೆಯ ಹದ ಬರುತ್ತದೆ. 3 ಮಿ.ಮೀ. ಒಳವ್ಯಾಸದ ಕೊಳವೆಗೆ ಗಾಳಿ ಉಳಿಯದಂತೆ ಒತ್ತಿ ತುಂಬಿ, ಹಿಂದಿನಿಂದ ತಾಮ್ರದ ತಂತಿ ತೂರಿಸಿ. ಜಿಯೋಲೈಟ್ ಹೆಚ್ಚು ಹಾಕಿದರೆ ಸೀಸವೂ ಹೆಚ್ಚು ಸಿಕ್ಕೀತು ಎನಿಸುತ್ತದೆ, ಆದರೆ ಅದು ವಿದ್ಯುತ್ ನಿರೋಧಕ. ಪಾಲು ಶೇಕಡಾ 20 ದಾಟಿದರೆ ರೋಧ ಏರಿ, ಶಿಖರ ಅಗಲವಾಗಿ ತಗ್ಗುತ್ತದೆ.

ಈ ಸಂವೇದಕದ ತಿರುಳು ಇಲ್ಲಿದೆ, ನಿಧಾನವಾಗಿ ಓದಿ. ರಂಧ್ರದೊಳಗೆ ಕೂತ ಸೀಸ ತಾನಾಗಿ ಕರೆಂಟ್ ಕೊಡುವುದಿಲ್ಲ. ದ್ರಾವಣದ ಸೋಡಿಯಂ ರಂಧ್ರಕ್ಕೆ ನುಗ್ಗಿ ಸೀಸವನ್ನು ಹೊರಗೆ ತಳ್ಳಬೇಕು. ಹೊರಬಂದ ಸೀಸ ಪಕ್ಕದ ಗ್ರಾಫೈಟಿನ ಮೇಲೆ ಎಲೆಕ್ಟ್ರಾನ್ ಪಡೆಯಬೇಕು. ಸೋಡಿಯಂ ಬದಲು ರಂಧ್ರಕ್ಕೆ ಹಿಡಿಸದ ಟೆಟ್ರಾಬ್ಯುಟೈಲ್ ಅಮೋನಿಯಂ ಲವಣ ಹಾಕಿದರೆ ಶಿಖರ ಬಹುತೇಕ ಕಾಣೆಯಾಗುತ್ತದೆ. ಹಾಗಾಗಿ ಸೀಸ ಹಿಡಿಯುವ ದ್ರಾವಣದಲ್ಲಿ ಸೋಡಿಯಂ ಕಡಿಮೆ ಇರಲಿ, ಅಳೆಯುವ ದ್ರಾವಣದಲ್ಲಿ ಧಾರಾಳವಾಗಿರಲಿ. ಎರಡೂ ಹಂತವನ್ನು ಒಂದೇ ಬೀಕರಿನಲ್ಲಿ ಮುಗಿಸಲು ಹೋಗಬೇಡಿ.

ಕ್ರಮ ಹೀಗೆ: ಪಿಎಚ್ 4.5ರಿಂದ 5ರ ಮಾದರಿ ನೀರಿನಲ್ಲಿ ವೋಲ್ಟೇಜ್ ಕೊಡದೆ 10 ನಿಮಿಷ ಕಲಕುತ್ತ ಅದ್ದಿಡಿ. ತೊಳೆದು, ಪಿಎಚ್ 4.5ರ 0.1 ಮೋಲಾರ್ ಸೋಡಿಯಂ ಅಸಿಟೇಟ್ ಬಫರಿಗೆ (ಪಿಎಚ್ ಬದಲಾಗದಂತೆ ಕಾಯುವ ದ್ರಾವಣಕ್ಕೆ) ದಾಟಿಸಿ. ಬಫರಿನಲ್ಲಿ ಮೊದಲೇ ನೈಟ್ರೋಜನ್ ಹಾಯಿಸಿರಬೇಕು. ಬೆಳ್ಳಿ–ಬೆಳ್ಳಿ ಕ್ಲೋರೈಡ್ ಎಲೆಕ್ಟ್ರೋಡಿಗೆ ಹೋಲಿಸಿ −1.0 ವೋಲ್ಟಿನಲ್ಲಿ 60 ಸೆಕೆಂಡ್ ಹಿಡಿದು, ವೋಲ್ಟೇಜನ್ನು −0.9ರಿಂದ −0.2ರವರೆಗೆ ಚೌಕ ಅಲೆಯಲ್ಲಿ (ಮೆಟ್ಟಿಲು ಮೆಟ್ಟಿಲಾಗಿ, ಪ್ರತಿ ಮೆಟ್ಟಿಲಲ್ಲೂ ಮೇಲೆ ಕೆಳಗೆ ಬಡಿಯುತ್ತ) ಓಡಿಸಿ. ಲೋಹವಾಗಿ ಕೂತ ಸೀಸ ಮತ್ತೆ ಕರಗುವಾಗ ಅದರ ಶಿಖರ −0.5ರ ಆಸುಪಾಸಿನಲ್ಲಿ ಏಳುತ್ತದೆ. ಪ್ರತಿ ಅಳತೆಗೂ ಸ್ವಲ್ಪ ಪೇಸ್ಟ್ ಹೊರತಳ್ಳಿ, ಕತ್ತರಿಸಿ, ಬೆಣ್ಣೆ ಕಾಗದದ ಮೇಲೆ ಉಜ್ಜಿ ಹೊಸ ಮೈ ಮಾಡಿಕೊಳ್ಳಿ.

ಗಡಸು ನೀರೇ ದೊಡ್ಡ ತೊಡಕು. ಲೀಟರಿಗೆ 100 ಮಿಲಿಗ್ರಾಂ ಕ್ಯಾಲ್ಸಿಯಂ ಎಂದರೆ 2.5 ಮಿಲಿಮೋಲಾರ್, 10 ಮೈಕ್ರೋಗ್ರಾಂ ಸೀಸ ಬರೀ 0.048 ಮೈಕ್ರೋಮೋಲಾರ್. ಸುಮಾರು 50,000 ಪಟ್ಟು ಅಂತರ. ಕ್ಲಿನಾಪ್ಟಿಲೊಲೈಟಿಗೆ ಕ್ಯಾಲ್ಸಿಯಂಗಿಂತ ಸೀಸದ ಮೇಲೇ ಒಲವು ಹೆಚ್ಚು, ಆದರೂ ಈ ಸಂಖ್ಯಾಬಲದ ಎದುರು ಒಲವು ಸ್ವಲ್ಪ ಸೋಲುತ್ತದೆ. ಪೊಟ್ಯಾಸಿಯಂ, ಅಮೋನಿಯಂ ಇನ್ನೂ ಗಟ್ಟಿ ಸ್ಪರ್ಧಿಗಳು. ಯೂರಿಯಾ ಮಣ್ಣಿನಲ್ಲಿ ಅಮೋನಿಯಂ ಆಗುತ್ತದೆ, ಹಾಗಾಗಿ ಅದನ್ನು ಹಾಕಿದ ಗದ್ದೆಯಿಂದ ಬಸಿದ ನೀರಿನಲ್ಲಿ ಶಿಖರ ಕುಗ್ಗಿದರೆ ಸೀಸ ಕಡಿಮೆ ಇದೆ ಎಂದು ತೀರ್ಮಾನಿಸಬೇಡಿ. ಮಾದರಿ ಕೆಡದಿರಲೆಂದು ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಿ, ಆಮೇಲೆ ಸೋಡಿಯಂ ಹೈಡ್ರಾಕ್ಸೈಡಿನಿಂದ ಸರಿಪಡಿಸುವವರು ಗೊತ್ತಿಲ್ಲದೆ ಸೋಡಿಯಂ ಸೇರಿಸಿರುತ್ತಾರೆ. ಆಮ್ಲವನ್ನೇ ಬಿಟ್ಟರೆ ಗಡಸು ನೀರಿನ ಬೈಕಾರ್ಬನೇಟ್ ಸೀಸವನ್ನು ಕಾರ್ಬನೇಟ್ ಮಾಡಿ ಕೆಳಗಿಳಿಸೀತು, ಬಾಟಲಿಯ ಗೋಡೆಗೂ ಸೀಸ ಅಂಟೀತು.

ಆದ್ದರಿಂದ ಶುದ್ಧ ನೀರಿನಲ್ಲಿ ಎಳೆದ ಮಾನಕ ರೇಖೆಯನ್ನು (ಎಷ್ಟು ಸೀಸಕ್ಕೆ ಎಷ್ಟು ಶಿಖರ ಎಂದು ತೋರಿಸುವ ಗೆರೆಯನ್ನು) ನಂಬಬಾರದು. ಅದೇ ಮಾದರಿಯ 10 ಮಿ.ಲೀ. ಭಾಗಗಳಿಗೆ ಲೀಟರಿಗೆ 1 ಮಿಲಿಗ್ರಾಂ ಸೀಸದ ದ್ರಾವಣವನ್ನು 0, 100, 200, 300 ಮೈಕ್ರೋಲೀಟರ್ ಸೇರಿಸಿ ಅಳೆಯಿರಿ. ಪ್ರತಿ 100 ಮೈಕ್ರೋಲೀಟರಿಗೂ ಸೀಸ ಲೀಟರಿಗೆ ಹೆಚ್ಚೂಕಡಿಮೆ 10 ಮೈಕ್ರೋಗ್ರಾಂ ಏರುತ್ತದೆ. ಸೇರಿಸಿದ ಸೀಸಕ್ಕೆ ಎದುರಾಗಿ ಶಿಖರದ ಎತ್ತರವನ್ನು ಗುರುತಿಸಿ ರೇಖೆ ಎಳೆಯಿರಿ. ಆ ರೇಖೆ ಹಿಂದಕ್ಕೆ ಚಾಚಿ ಅಡ್ಡ ಅಕ್ಷವನ್ನು ಮುಟ್ಟುವ ಜಾಗವೇ ಉತ್ತರ. ಪ್ಲಾಸ್ಟಿಕ್ ಪಾತ್ರೆಗಳನ್ನು ಶೇಕಡಾ 10ರ ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿರಿ. ಕೆರೆ ನೀರಾದರೆ ಹ್ಯೂಮಿಕ್ ಪದಾರ್ಥಗಳು (ಕೊಳೆತ ಎಲೆಗಿಡಗಳಿಂದ ಬರುವ ಸಾವಯವ ವಸ್ತುಗಳು) ಸೀಸವನ್ನು ಕಟ್ಟಿಹಾಕಿರುತ್ತವೆ, ಮೊದಲು ಆಮ್ಲದಲ್ಲಿ ಕಾಯಿಸಬೇಕು.

ರಕ್ತದ ಸೀಸಕ್ಕೂ ಇದೇ ತತ್ವ ಒಗ್ಗುತ್ತದೆ, ಆದರೆ ಕೆಲಸ ಕಠಿಣ. ರಕ್ತದಲ್ಲಿನ ಸೀಸದ ಬಹುಪಾಲು ಇರುವುದು ಕೆಂಪು ಕಣಗಳಲ್ಲಿ. ಕಣ ಒಡೆಯದೆ ಅಳತೆಯಿಲ್ಲ, ಒಡೆದರೆ ಪ್ರೋಟೀನ್ ಬಂದು ಪೇಸ್ಟಿನ ಮೈ ಮುಚ್ಚುತ್ತದೆ. ಮಕ್ಕಳಿಗೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಇಟ್ಟ ಮಟ್ಟ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ, ಅಂದರೆ ಲೀಟರಿಗೆ 35. ಪ್ರೋಟೀನ್ ಕಾಟ ತಗ್ಗಿಸಲು 10 ಪಟ್ಟು ತೆಳುಗೊಳಿಸಿದರೆ ಉಳಿಯುವುದು 3.5. ಹಾಗಾಗಿ ಕುಡಿಯುವ ನೀರಿಗೆ ಸಾಕಾದ ಎಲೆಕ್ಟ್ರೋಡ್ ಇಲ್ಲಿ ಸಾಲದು. ಪತ್ತೆ ಮಿತಿ ಲೀಟರಿಗೆ 1 ಮೈಕ್ರೋಗ್ರಾಂಗೆ ಇಳಿದ ಮೇಲೆಯೇ ರಕ್ತದ ಮಾದರಿಗೆ ಕೈ ಹಾಕಿ.