ಸಬ್‌ವೂಫರ್‌ಗಿಂತ ಮೊದಲು ಪೆಟ್ಟಿಗೆಯ ಲೀಟರ್ ಲೆಕ್ಕ

ಕಲಬುರಗಿಯ ನನ್ನ ಕಾರ್ ಆಡಿಯೊ ವರ್ಕ್‌ಶಾಪಿಗೆ ಆಳಂದ, ಜೇವರ್ಗಿ, ಸೇಡಂ ಕಡೆಯಿಂದ ಬರುವ ಗ್ರಾಹಕರಲ್ಲಿ ಬಹಳ ಮಂದಿ ಮೊದಲು ಕೇಳುವುದು ‘ಎಷ್ಟು ವ್ಯಾಟ್?’ ಎಂದೇ, ಪೆಟ್ಟಿಗೆ ಎಷ್ಟು ಲೀಟರಿನದಿರಬೇಕು ಎಂದು ಕೇಳಿದವರು ಬೆರಳೆಣಿಕೆಯಷ್ಟು. ಕಳೆದ ಬೇಸಿಗೆಯಲ್ಲಿ ಒಬ್ಬರು 12 ಇಂಚಿನ ಒಳ್ಳೆಯ ಸಬ್‌ವೂಫರನ್ನು (ಬಾಸ್‌ಗೆಂದೇ ಇರುವ ದೊಡ್ಡ ಸ್ಪೀಕರ್) ಪೇಟೆಯಲ್ಲಿ ಸಿಕ್ಕ ಸಿದ್ಧ ಪೋರ್ಟೆಡ್ (ಗಾಳಿಯಾಡುವ ಕೊಳವೆಯಿರುವ) ಪೆಟ್ಟಿಗೆಯಲ್ಲಿ ಕೂರಿಸಿಕೊಂಡು ಬಂದಿದ್ದರು. ಅವರು ಕೇಳುವುದು ತತ್ವಪದ. ತಬಲಾ ಜೋಡಿಯ ಡಗ್ಗಾದ ಮೀಂಡು (ಜಾರುವ ನಾದ), ಪೆಟ್ಟು ಎಲ್ಲವೂ ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತಿದ್ದುದರಿಂದ ಸ್ಪೀಕರೇ ಕೆಟ್ಟಿದೆಯೆಂದು ಅವರು ನಂಬಿದ್ದರು.

ಸ್ಪೀಕರ್ ಸರಿಯಾಗಿಯೇ ಇತ್ತು. ಅದರ ಜೊತೆ ಬಂದಿದ್ದ ಹಾಳೆಯನ್ನು ಯಾರೂ ಓದಿರಲಿಲ್ಲ, ಅಷ್ಟೆ. ಥೀಲ್ ಮತ್ತು ಸ್ಮಾಲ್ ಎಂಬ ಇಬ್ಬರು ಎಂಜಿನಿಯರುಗಳ ಹೆಸರಿನಿಂದ ಕರೆಯಲಾಗುವ ಆ ಅಂಕಿಗಳಲ್ಲಿ ಎಫ್‌ಎಸ್ (ಸ್ಪೀಕರಿನ ಸ್ವಂತ ಅನುರಣನ) 30 ಹರ್ಟ್ಜ್, ಕ್ಯುಇಎಸ್ (ಆ ಅನುರಣನಕ್ಕೆ ಕಾಯಿಲ್ ಮತ್ತು ಮ್ಯಾಗ್ನೆಟ್ ಒಡ್ಡುವ ತಡೆಯ ಸೂಚಿ) 0.55, ಕ್ಯುಟಿಎಸ್ (ಒಟ್ಟು ತಡೆಯ ಸೂಚಿ) 0.5, ವಿಎಎಸ್ (ಸ್ಪೀಕರಿನ ಕೋನಿನ ಹಿಡಿತದಷ್ಟೇ ಬಿಗಿಯಿರುವ ಗಾಳಿಯ ಗಾತ್ರ) 40 ಲೀಟರ್ ಎಂದಿತ್ತು. ಎಫ್‌ಎಸ್ ಅನ್ನು ಕ್ಯುಇಎಸ್‌ನಿಂದ ಭಾಗಿಸಿದಾಗ ಬರುವ ಸಂಖ್ಯೆ 50ರ ಆಸುಪಾಸಿನಲ್ಲಿದ್ದರೆ ಮುಚ್ಚಿದ ಪೆಟ್ಟಿಗೆ, 100ರ ಹತ್ತಿರವಿದ್ದರೆ ಪೋರ್ಟೆಡ್ ಪೆಟ್ಟಿಗೆ ಒಗ್ಗುತ್ತದೆ ಎಂಬುದು ನಮ್ಮ ಕಸುಬಿನ ರೂಢಿಯ ಅಂದಾಜು. ಇಲ್ಲಿ ಬಂದದ್ದು 54.5, ಅಂದರೆ ಮುಚ್ಚಿದ ಪೆಟ್ಟಿಗೆಯೇ ಬೇಕಿತ್ತು.

ಮುಚ್ಚಿದ ಪೆಟ್ಟಿಗೆಯ ಗಾಳಿ ಸ್ಪೀಕರಿನ ಅಲುಗುವ ಕೋನಿನ ಬೆನ್ನಿಗೆ ಸ್ಪ್ರಿಂಗಿನಂತೆ ನಿಲ್ಲುತ್ತದೆ, ಜಾಗ ಕಿರಿದಾದಷ್ಟೂ ಬಿಗಿಯಾಗುತ್ತದೆ. ವಿಎಎಸ್ ಅನ್ನು ಪೆಟ್ಟಿಗೆಯ ಲೀಟರಿನಿಂದ ಭಾಗಿಸಿ, 1 ಕೂಡಿಸಿ, ವರ್ಗಮೂಲ ತೆಗೆದು, ಅದನ್ನು ಕ್ಯುಟಿಎಸ್‌ಗೆ ಗುಣಿಸಬೇಕು: 40 ಲೀಟರಿಗೆ 0.707 ಬರುತ್ತದೆ, ಉಬ್ಬಿಲ್ಲದ ಸಮತಟ್ಟಾದ ಬಾಸ್‌ಗೆ ಬೇಕಾದದ್ದು ಅದೇ. ಜಾಗ ಉಳಿಸಲು 13 ಲೀಟರಿಗೆ ಇಳಿಸಿದರೆ ಈ ಸಂಖ್ಯೆ 1ಕ್ಕೆ ಏರುತ್ತದೆ, ಅನುರಣನ 42 ಹರ್ಟ್ಜ್‌ನಿಂದ 60ಕ್ಕೆ ಹೋಗುತ್ತದೆ, ತಳದ ನಾದ ಕರಗುತ್ತದೆ.

ಬಡಗಿಗೆ ಅಳತೆ ಹೇಳುವಾಗಲೇ ಹೆಚ್ಚು ತಪ್ಪುಗಳಾಗುತ್ತವೆ. ಹೊರಗಿನಿಂದ 50, 38, 30 ಸೆಂಟಿಮೀಟರ್ ಇರುವ ಪೆಟ್ಟಿಗೆ 57 ಲೀಟರ್ ಎನಿಸಿದರೂ, 18 ಮಿಲಿಮೀಟರ್ ಎಂಡಿಎಫ್ ಹಲಗೆಯ ದಪ್ಪ ಕಳೆದರೆ ಒಳಗೆ ಉಳಿಯುವುದು 42. ಸಬ್‌ವೂಫರಿನ ಮ್ಯಾಗ್ನೆಟ್ ಮತ್ತು ಬುಟ್ಟಿ ಸುಮಾರು 2 ಲೀಟರ್ ತಿಂದರೆ 40. ನಾನು ಅವರಿಗೆ ಮಾಡಿಸಿಕೊಟ್ಟದ್ದು ಇದೇ ಅಳತೆಯ ಪೆಟ್ಟಿಗೆ. ಸಂದುಗಳಿಗೆ ಒಳಗಿನಿಂದ ಸಿಲಿಕಾನ್ ಎಳೆಯದಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ.

ಪೋರ್ಟೆಡ್ ಪೆಟ್ಟಿಗೆಯನ್ನು ನಾನು ದೂರುತ್ತಿಲ್ಲ. ಹೊಂದುವ ಸ್ಪೀಕರಿದ್ದರೆ, ಅಷ್ಟೇ ವ್ಯಾಟಿಗೆ ಪೋರ್ಟಿನ ಶ್ರುತಿಯ (ಆ ಕೊಳವೆ ಮೊಳಗುವ ಆವರ್ತನದ) ಸುತ್ತ ಅದು ಹೆಚ್ಚು ಸದ್ದು ಕೊಡುತ್ತದೆ. ಆದರೆ ಆ ಶ್ರುತಿಯ ಕೆಳಗೆ ಕೋನಿಗೆ ಗಾಳಿಯ ಹಿಡಿತ ತಪ್ಪುವುದರಿಂದ ಆಂಪ್ಲಿಫೈಯರಿನಲ್ಲಿ ಅಷ್ಟು ಕೆಳಗಿನ ನಾದವನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಇರಲೇಬೇಕು. ಜಾಗವೂ ಹೆಚ್ಚು ಬೇಕು, ಸಿಎನ್‌ಜಿ ಸಿಲಿಂಡರ್ ಕೂತ ಡಿಕ್ಕಿಯಲ್ಲಿ ಅದು ಸಿಗುವುದಿಲ್ಲ. ಸಣ್ಣ ಕಾರಿನ ಕ್ಯಾಬಿನ್ ತಾನೇ ತಳದ ನಾದವನ್ನು ಎತ್ತಿಕೊಡುವುದರಿಂದ, ಮುಚ್ಚಿದ ಪೆಟ್ಟಿಗೆಯಲ್ಲಿ ತಳದ ಸದ್ದಿನ ನಿಧಾನ ಇಳಿತ ಅಲ್ಲಿ ಕೊರತೆಯಾಗಿ ಕೇಳುವುದಿಲ್ಲ.

ವ್ಯಾಟ್ ಕೇಳುವುದಾದರೆ ಆರ್‌ಎಂಎಸ್ (ಸತತವಾಗಿ ತಾಳುವ ಶಕ್ತಿ) ಕೇಳಬೇಕು, ಪೀಕ್ (ಕ್ಷಣಮಾತ್ರದ್ದು) ಅಲ್ಲ. ನಮ್ಮ ಬಿಸಿಲಿನಲ್ಲಿ ಅದರಲ್ಲೂ ಒಂದಿಷ್ಟು ಕೈಬಿಟ್ಟು ಆರಿಸಬೇಕು. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇದ್ದಾಗ ಮುಚ್ಚಿದ ಡಿಕ್ಕಿ ಅದಕ್ಕಿಂತ ಬಹಳ ಬಿಸಿಯಾಗಿರುತ್ತದೆ. ಕೋನನ್ನು ಅಲುಗಿಸುವ ತಾಮ್ರದ ತಂತಿಸುರುಳಿ, ಅಂದರೆ ವಾಯ್ಸ್ ಕಾಯಿಲ್, 100 ಡಿಗ್ರಿಯಷ್ಟು ಹೆಚ್ಚು ಕಾದರೆ ಅದರ ರೋಧ ಸುಮಾರು 39 ಶೇಕಡಾ ಏರುತ್ತದೆ, ಬಾಸ್ ತಾನಾಗಿ ಕುಗ್ಗುತ್ತದೆ. ಆಗ ಆಂಪ್ಲಿಫೈಯರಿನ ಗೇನ್ ತಿರುಗಿಸಿ ಏರಿಸಿದವರ ಕಾಯಿಲುಗಳೇ ಸುಟ್ಟು ನನ್ನ ಮೇಜಿಗೆ ಬರುತ್ತವೆ.