ವಿದ್ಯುತ್ ಮಾರ್ಗದ ಮಗ್ಗುಲಲ್ಲಿ ಮನೆ, ತೋಟ, ಕಾಡು: ಶಿರಸಿ–ಕಾರವಾರ ಸೀಮೆಗೆ ಹೊಂದಿಸಿದ ಅಧ್ಯಯನ ಟಿಪ್ಪಣಿ

ಕೈಗಾ ಅಣುಸ್ಥಾವರದ ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳಲ್ಲಿ ಹುಟ್ಟುವ ವಿದ್ಯುತ್ತು 400 ಕಿಲೋವೋಲ್ಟ್ ಮಾರ್ಗಗಳಲ್ಲಿ ಘಟ್ಟ ಹತ್ತಿ ಶಿರಸಿಯ ಕಡೆಗೂ ಸಾಗುತ್ತದೆ. ಇಂಥ ಮಾರ್ಗಗಳ ಅಪಾಯವನ್ನು ಓದಲು ಕುಳಿತವರು ಮೊದಲು ಒಂದು ಗಂಟನ್ನು ಬಿಡಿಸಿಕೊಳ್ಳಬೇಕು: ವಿದ್ಯುತ್ ಕ್ಷೇತ್ರ ಹುಟ್ಟುವುದು ವೋಲ್ಟೇಜಿನಿಂದ, ಕಾಂತಕ್ಷೇತ್ರ ಹುಟ್ಟುವುದು ತಂತಿಯಲ್ಲಿ ಹರಿಯುವ ಪ್ರವಾಹದಿಂದ. ಮೊದಲನೆಯದನ್ನು ಮನೆಯ ಗೋಡೆ ಮತ್ತು ಮರಗಳು ಬಹುಪಾಲು ತಡೆಯುತ್ತವೆ. ಎರಡನೆಯದು ಗೋಡೆ ದಾಟಿ ಒಳಗೆ ಬರುತ್ತದೆಯಾದರೂ, ಮಾರ್ಗದ ಮೂರು ಫೇಸುಗಳ, ಅಂದರೆ ಮೂರು ತಂತಿಗಳ ಪ್ರವಾಹಗಳ ಪ್ರಭಾವ ಪರಸ್ಪರ ಅಳಿಸಿಕೊಳ್ಳುವುದರಿಂದ, ದೂರ ಇಮ್ಮಡಿಯಾದಾಗ ಸುಮಾರು ಕಾಲು ಪಾಲಿಗೆ ಇಳಿಯುತ್ತದೆ.

ಕ್ಯಾನ್ಸರಿನ ಭಯ ಈ ಕಾಂತಕ್ಷೇತ್ರಕ್ಕೆ ಅಂಟಿಕೊಂಡದ್ದು. 1979ರಲ್ಲಿ ಅಮೆರಿಕದ ಡೆನ್ವರ್ ನಗರದ ಅಧ್ಯಯನವೊಂದು ಮಕ್ಕಳ ರಕ್ತಕ್ಯಾನ್ಸರಿಗೂ ಮನೆಯ ಸಮೀಪದ ತಂತಿಗಳಿಗೂ ನಂಟನ್ನು ಸೂಚಿಸಿತು. 2000ದಲ್ಲಿ ಹಲವು ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಸರಾಸರಿ ಕಾಂತಕ್ಷೇತ್ರ 0.4 ಮೈಕ್ರೋಟೆಸ್ಲಾ ಮೀರಿದ ಮನೆಗಳ ಮಕ್ಕಳಲ್ಲಿ ಈ ರೋಗದ ಸಂಭವ ಸುಮಾರು ಎರಡು ಪಟ್ಟು ಕಂಡಿತು. ಆದರೆ ಮೂಲತಃ ಬಹಳ ಅಪರೂಪದ ರೋಗವಿದು, ಅಂಥ ಮನೆಗಳೂ ಕಡಿಮೆ, ಪ್ರಾಣಿಗಳ ಮೇಲಿನ ಪ್ರಯೋಗಗಳು ಈ ನಂಟಿಗೆ ಬೆಂಬಲ ಕೊಡಲಿಲ್ಲ. ಆದ್ದರಿಂದಲೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2002ರಲ್ಲಿ ಈ ಕಾಂತಕ್ಷೇತ್ರವನ್ನು 2ಬಿ, ಅಂದರೆ ‘ಕ್ಯಾನ್ಸರ್ ತರುವ ಸಾಧ್ಯತೆಯುಳ್ಳದ್ದು’ ಎಂಬ ಗುಂಪಿನಲ್ಲಿ ಇಟ್ಟಿತು. ಸಾಧ್ಯತೆಯನ್ನು ಸಾಬೀತು ಎಂದು ಓದಿಕೊಳ್ಳಬಾರದು; ಹಾಗೆಂದು ಹೊಸ ಮನೆಯನ್ನು ಮಾರ್ಗದಿಂದ ದೂರ ಕಟ್ಟಲು ಅವಕಾಶವಿರುವವರು ಅದನ್ನು ಕೈಬಿಡಲೂಬಾರದು.

ನನ್ನ ಚಿಂತೆ ಇರುವುದು ಸಂದೇಹವೇ ಇಲ್ಲದ ಇನ್ನೊಂದು ಅಪಾಯದ ಬಗ್ಗೆ. 220 ಕಿಲೋವೋಲ್ಟ್ ಮಾರ್ಗದ ಕೆಳತಂತಿ ನೆಲದಿಂದ ಕನಿಷ್ಠ 7 ಮೀಟರ್ ಎತ್ತರದಲ್ಲಿದ್ದರೆ ಸಾಕು, 400 ಕಿಲೋವೋಲ್ಟಿಗೆ 8.84 ಮೀಟರ್. ಅಡಿಕೆ ತೋಟಗಳಿಗೆ ಈಗ ಬಂದಿರುವ ಕಾರ್ಬನ್ ಫೈಬರ್ ದೋಟಿ (ಕೊನೆ ಕೊಯ್ಯಲು, ಮದ್ದು ಹೊಡೆಯಲು ಬಳಸುವ ಉದ್ದನೆಯ ಗಳು) ಅದಕ್ಕಿಂತ ಎಷ್ಟೋ ಎತ್ತರಕ್ಕೆ ಚಾಚುತ್ತದೆ, ಮತ್ತು ಕಾರ್ಬನ್ ವಿದ್ಯುತ್ ವಾಹಕ; ಹಳೆಯ ಒಣಬಿದಿರಿನ ದೋಟಿಗಿಂತ ಅದು ಹೆಚ್ಚು ಅಪಾಯಕಾರಿ. ಇಷ್ಟು ವೋಲ್ಟೇಜಿನಲ್ಲಿ ದೋಟಿ ತಂತಿಗೆ ತಗುಲಲೇಬೇಕೆಂದೂ ಇಲ್ಲ, ಹತ್ತಿರ ಹೋದರೆ ಗಾಳಿಯ ಮೂಲಕವೇ ಕಿಡಿ ಹಾರುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಮಳೆಗಾಲದಲ್ಲಿ ದೋಟಿ, ಕೈ, ನೆಲ ಎಲ್ಲವೂ ಒದ್ದೆಯಾಗಿರುತ್ತವೆ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡರಿಗೆ ಯಾರೂ ಕುಳಿತು ಇದನ್ನು ವಿವರಿಸದಿರುವುದು ನನಗೆ ನೋವಿನ ಸಂಗತಿ.

ಮಳೆಯಲ್ಲಿ ತಂತಿಯಿಂದ ಕೇಳುವ ಚಿರಗುಟ್ಟುವ ಸದ್ದು ಕೊರೋನಾ ವಿಸರ್ಜನೆಯದು, ಅಂದರೆ ತಂತಿಯ ಸುತ್ತಲ ಗಾಳಿಗೆ ವಿದ್ಯುತ್ತು ಸೋರುವ ಸದ್ದು. ಅದು ಕಿರಿಕಿರಿ ತರಬಹುದು, ಅಷ್ಟರಿಂದಲೇ ಆಘಾತವಾಗದು. ಮಾರ್ಗದ ಕೆಳಗೆ ಹಾದುಹೋಗುವ ತಂತಿಬೇಲಿ ಮತ್ತು ತಗಡಿನ ಮಾಡಿನಲ್ಲಿ ಪ್ರೇರಿತ ವಿದ್ಯುತ್ತು ಸಂಗ್ರಹವಾಗಿ ಮುಟ್ಟಿದವರಿಗೆ ಚುಚ್ಚುತ್ತದೆ, ಹಾಗಾಗಿ ಅವುಗಳಿಗೆ ಭೂಸಂಪರ್ಕ (ಅರ್ಥಿಂಗ್) ಕೊಡಿಸುವುದು ಅಗತ್ಯ. ಕಾರವಾರದಂಥ ಕಡಲಂಚಿನಲ್ಲಿ ತಂತಿಯನ್ನು ಗೋಪುರದಿಂದ ಬೇರ್ಪಡಿಸಿ ಹಿಡಿಯುವ ಇನ್ಸುಲೇಟರುಗಳ ಮೇಲೆ ಕೂರುವ ಉಪ್ಪಿನ ಪದರ ತೇವಗೊಂಡಾಗ ಕಿಡಿ ಹಾರುವ ಸಂಭವ ಹೆಚ್ಚು. ತಂತಿ ಹರಿದು ಬಿದ್ದರೆ ಸುತ್ತಲ ನೆಲದಲ್ಲೂ ವೋಲ್ಟೇಜ್ ಹರಡಿರುತ್ತದೆ. ಓಡದೆ, ಎರಡೂ ಪಾದಗಳನ್ನು ಜೋಡಿಸಿ ನೆಲದಿಂದ ಎತ್ತದೆ ಜರುಗುತ್ತ ದೂರ ಸರಿಯಬೇಕು.

ಕಾಡಿಗೆ ಆಗುವ ಹಾನಿ ಇನ್ನೊಂದು ಬಗೆಯದು. 400 ಕಿಲೋವೋಲ್ಟ್ ಮಾರ್ಗಕ್ಕೆ ಸುಮಾರು 46 ಮೀಟರ್ ಅಗಲದ ಪಟ್ಟಿ ಬೇಕು. ಅಲ್ಲಿ ಎತ್ತರದ ಮರ ಬೆಳೆಯಲು ಬಿಡುವುದಿಲ್ಲ, ಬಿಸಿಲು ಬಿದ್ದಲ್ಲಿ ಯುಪಟೋರಿಯಂ ಮತ್ತು ಲಂಟಾನ ಎಂಬ ಕಳೆಗಳು ಹಬ್ಬುತ್ತವೆ. ಶಿರಸಿ–ಹೊನ್ನಾವರದ ಕಾಡಿನ ಸಿಂಗಳೀಕ ಕೊಂಬೆಯಿಂದ ಕೊಂಬೆಗೆ ಸಾಗುವ ಪ್ರಾಣಿ. ಅಂಥ ಬಯಲುಪಟ್ಟಿ ಎದುರಾದಲ್ಲಿ ಅದರ ಹಿಂಡಿನ ಹಾದಿ ಮುಗಿಯುತ್ತದೆ.