ಓಆರ್‌ಎಸ್ ಪೊಟ್ಟಣಕ್ಕೆ ಒಂದು ಲೀಟರ್ ನೀರೇ ಏಕೆ?

ವಾಂತಿಭೇದಿಯಿಂದ ಬಳಲಿದ ಮಗುವನ್ನು ಕರೆತರುವ ಪೋಷಕರಲ್ಲಿ ಕೆಲವರು ಒಂದು ಲೀಟರ್ ನೀರಿಗೆಂದು ತಯಾರಾದ ಓಆರ್‌ಎಸ್ (ನೀರಿನಲ್ಲಿ ಕದಡಿ ಕುಡಿಸುವ ಲವಣ-ಗ್ಲೂಕೋಸ್ ಪುಡಿ) ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದು, ಗಟ್ಟಿಯಾಗಿದ್ದಷ್ಟೂ ಗುಣ ಹೆಚ್ಚೆಂದು ನಂಬಿ ಕುಡಿಸಿರುತ್ತಾರೆ. ಇದರಿಂದ ಭೇದಿ ಹೆಚ್ಚುವುದೇ ಹೊರತು ನಿಲ್ಲುವುದಿಲ್ಲ.

ನೀರನ್ನೇ ನೇರವಾಗಿ ಎತ್ತಿ ಸಾಗಿಸುವ ಪಂಪು ನಮ್ಮ ಜೀವಕೋಶಗಳಲ್ಲಿ ಇಲ್ಲ. ಲವಣ, ಸಕ್ಕರೆಗಳು ಎತ್ತ ಹೆಚ್ಚು ಸಾಂದ್ರವಾಗಿವೆಯೋ ಅತ್ತ ನೀರು ಪೊರೆಯನ್ನು ದಾಟಿ ಹರಿಯುತ್ತದೆ, ಇದೇ ಅಭಿಸರಣೆ. ಆದ್ದರಿಂದ ಕರುಳಿನಿಂದ ರಕ್ತಕ್ಕೆ ನೀರು ಸೇರಬೇಕಾದರೆ ಮೊದಲು ಸೋಡಿಯಂ ಒಳಹೋಗಬೇಕು. ಕರುಳಿನ ಒಳಪದರದ ಕೋಶಗಳು, ರಕ್ತದ ಕಡೆಗಿರುವ ತಮ್ಮ ಪೊರೆಯಲ್ಲಿ, ಶಕ್ತಿ ವ್ಯಯಿಸಿ 3 ಸೋಡಿಯಂ ಅಯಾನುಗಳನ್ನು ಹೊರದಬ್ಬಿ 2 ಪೊಟ್ಯಾಸಿಯಂ ಅಯಾನುಗಳನ್ನು ಒಳಗೆಳೆದುಕೊಳ್ಳುತ್ತಿರುವುದರಿಂದ, ಕೋಶದೊಳಗೆ ಸೋಡಿಯಂ ಸದಾ ಕಡಿಮೆಯಿರುತ್ತದೆ. ಆಹಾರದ ಕಡೆಗಿರುವ ಪೊರೆಯಲ್ಲಿ ಎಸ್‌ಜಿಎಲ್‌ಟಿ1 ಎಂಬ ಪ್ರೋಟೀನು 2 ಸೋಡಿಯಂ ಅಯಾನುಗಳನ್ನು ಒಂದು ಗ್ಲೂಕೋಸ್ ಅಣುವಿನೊಡನೆ ಜೊತೆಯಾಗಿಯೇ ಒಳಬಿಡುತ್ತದೆ. ಇಂಥ ಜೋಡಿ ಸಾಗಣೆಯನ್ನು 1960ರಲ್ಲಿ ಮೊದಲು ಪ್ರತಿಪಾದಿಸಿದವರು ರಾಬರ್ಟ್ ಕ್ರೇನ್. ಕಾಲರಾದ ವಿಷವು ಕೋಶಗಳ ಕ್ಲೋರೈಡ್ ನಾಳಗಳನ್ನು ತೆರೆದು ಉಪ್ಪುನೀರನ್ನು ಕರುಳಿಗೆ ಸುರಿಸುವಾಗಲೂ ಈ ಜೋಡಿ ದಾರಿ ಕೆಡುವುದಿಲ್ಲ. ಬಾಂಗ್ಲಾದೇಶ ವಿಮೋಚನಾ ಯುದ್ಧದ ಕಾಲದಲ್ಲಿ, 1971ರಲ್ಲಿ, ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು-ಗ್ಲೂಕೋಸ್ ದ್ರಾವಣವನ್ನು ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿ ಸಾವಿರಾರು ಜೀವಗಳನ್ನು ಉಳಿಸಿದ್ದು ಇದೇ ದಾರಿಯಿಂದ.

ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಪರಿಷ್ಕರಿಸಿದ ಸೂತ್ರದಲ್ಲಿ ಲೀಟರಿಗೆ ಸೋಡಿಯಂ, ಗ್ಲೂಕೋಸ್ ಎರಡೂ 75 ಮಿಲಿಮೋಲ್ ಇವೆ; ಕರಗಿದ ಕಣಗಳ ಒಟ್ಟು ಸಾಂದ್ರತೆ 245 ಮಿಲಿಆಸ್ಮೋಲ್. ರಕ್ತದಲ್ಲಿ ಇದು 285ರ ಆಸುಪಾಸಿನಲ್ಲಿರುವುದರಿಂದ ನೀರು ರಕ್ತದತ್ತಲೇ ವಾಲುತ್ತದೆ. ಅದೇ ಪುಡಿಯನ್ನು 200 ಮಿ.ಲೀ. ಲೋಟದಲ್ಲಿ ಕದಡಿದರೆ ಸಾಂದ್ರತೆ 1,200 ದಾಟುತ್ತದೆ. ಆಗ ರಕ್ತದಲ್ಲಿನ ನೀರೇ ಕರುಳಿಗೆ ಜಾರುತ್ತದೆ, ರಕ್ತದ ಸೋಡಿಯಂ ಏರುತ್ತದೆ, ಮಗುವಿಗೆ ಸೆಳವು ಬರುವ ಅಪಾಯವೂ ಇದೆ. ಬಾಟಲಿಯ ತಂಪು ಪಾನೀಯಗಳ ಕಥೆಯೂ ಹೆಚ್ಚು ಬೇರೆಯಲ್ಲ: ಸಕ್ಕರೆ ಧಾರಾಳ, ಸೋಡಿಯಂ ಅತ್ಯಲ್ಪ. ಬರೀ ಗ್ಲೂಕೋಸ್ ಪುಡಿ ಕದಡಿದ ನೀರೂ ಅಷ್ಟೆ, ಅದರಲ್ಲಿ ಜೋಡಿಯ ಒಂದು ಪಾಲೇ ಇಲ್ಲ.

200 ಮಿ.ಲೀ. ನೀರಿಗೆಂದೇ ಬರುವ ಸಣ್ಣ ಪೊಟ್ಟಣಗಳೂ ಅಂಗಡಿಗಳಲ್ಲಿವೆ; ಹಾಗಾಗಿ ಎಷ್ಟು ನೀರು ಎಂಬುದನ್ನು ಪ್ರತಿ ಸಲವೂ ಪೊಟ್ಟಣದ ಮೇಲೆಯೇ ಓದಿಕೊಳ್ಳಬೇಕು. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಕುಡಿಸುವುದನ್ನು ಮುಂದುವರಿಸಿ. ಕದಡಿ 24 ಗಂಟೆ ಕಳೆದ ದ್ರಾವಣವನ್ನು ಚೆಲ್ಲಿಬಿಡಿ.